ಹಳೆ ಸೈಕಲ್‌ಗೆ ಬೆಲೆ ಕಟ್ಟುವಾಗ ನಾವು ಏನೇನು ನೋಡುತ್ತೇವೆ

ಹಳೆ ಸೈಕಲ್ ಬೆಂಚಿಗೆ ಬಂದಾಗ ಮೊದಲು ಮಾಡುವುದು ಅದನ್ನು ಮಗುಚಿ ನಿಲ್ಲಿಸುವುದು. ಕ್ರ್ಯಾಂಕ್ (ಪೆಡಲ್ ಜೋಡಿಸುವ ತೋಳು) ಕೂರುವ ದಪ್ಪ ಕೊಳವೆಯ ತಳದಲ್ಲಿ, ಅಂದರೆ ಬಾಟಮ್ ಬ್ರ್ಯಾಕೆಟ್ ಅಡಿಯಲ್ಲಿ, ಸಾಮಾನ್ಯವಾಗಿ ಫ್ರೇಮ್ ನಂಬರ್ ಒತ್ತಿರುತ್ತದೆ. ಅಲ್ಲಿ ಕಾಣದಿದ್ದರೆ ಸೀಟ್ ಕಂಬ ಇಳಿಯುವ ಸೀಟ್ ಟ್ಯೂಬು, ಹ್ಯಾಂಡಲ್ ಕೆಳಗಿನ ಹೆಡ್ ಟ್ಯೂಬು, ಇಲ್ಲವೇ ಹಿಂದಿನ ಆಕ್ಸಲ್ ಕೂರುವ ಡ್ರಾಪೌಟ್ ಪಕ್ಕ ಹುಡುಕಬೇಕು. ಮಣ್ಣು, ಗ್ರೀಸು ಒರೆಸಿ ನಂಬರ್ ಬರೆದುಕೊಳ್ಳುತ್ತೇವೆ. ಬಿಲ್ಲಿದ್ದರೆ ಅದರ ಜೊತೆ ತಾಳೆ ನೋಡುತ್ತೇವೆ, ಕಳುವಾದ ಸೈಕಲ್‌ಗಳ ಪಟ್ಟಿ ಸಿಗುವಂತಿದ್ದರೆ ಅದನ್ನೂ ನೋಡುತ್ತೇವೆ. ನಂಬರಿನ ಮೇಲೆ ಅರ ಆಡಿಸಿದ್ದರೆ, ಅಥವಾ ಆ ಜಾಗಕ್ಕಷ್ಟೇ ಹೊಸ ಬಣ್ಣ ಬಳಿದಿದ್ದರೆ, ಮುಂದೆ ಏನನ್ನೂ ಅಳೆಯುವುದಿಲ್ಲ. ಸೈಕಲ್ ಎಷ್ಟೇ ಚೆನ್ನಾಗಿರಲಿ, ಅದಕ್ಕೆ ನಾವು ಬೆಲೆ ಹೇಳುವುದಿಲ್ಲ.

ಮಾರಲು ಬರುವವರಲ್ಲಿ ಹೆಚ್ಚಿನವರು ಕೊಂಡ ಬೆಲೆಯಿಂದ ಲೆಕ್ಕ ಶುರು ಮಾಡುತ್ತಾರೆ. ವರ್ಷಕ್ಕಿಷ್ಟು ಅಂತ ಕಳೆಯುತ್ತಾ ಬಂದು ಒಂದು ಸಂಖ್ಯೆಗೆ ನಿಲ್ಲುತ್ತಾರೆ. ಸೈಕಲ್ ವಿಷಯದಲ್ಲಿ ಈ ಲೆಕ್ಕ ಕೂಡಿ ಬರುವುದಿಲ್ಲ. ಮೂರು ವರ್ಷ ದಿನವೂ ಮಳೆಯಲ್ಲಿ ಓಡಿದ್ದಕ್ಕೂ ಮೂರು ವರ್ಷ ಗೋಡೆಗೆ ಒರಗಿದ್ದಕ್ಕೂ ವಯಸ್ಸು ಒಂದೇ, ಬೆಲೆ ಒಂದೇ ಅಲ್ಲ. ನಾವು ಕೇಳಿಕೊಳ್ಳುವುದು ಎರಡು ಪ್ರಶ್ನೆ: ಇಂಥದ್ದೇ ಸೈಕಲ್ ಸುಸ್ಥಿತಿಯಲ್ಲಿದ್ದರೆ ಈಗ ಎಷ್ಟಕ್ಕೆ ಮಾರಾಟವಾಗುತ್ತಿದೆ? ಇದನ್ನು ಆ ಸ್ಥಿತಿಗೆ ತರಲು ಎಷ್ಟು ಖರ್ಚು? ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಬೆಲೆ ಸಿಗುತ್ತದೆ. ಫ್ರೇಮ್ ಮಾತ್ರ ಈ ಕಳೆಯುವ ಲೆಕ್ಕಕ್ಕೆ ಸಿಗದು. ಅದು ಸರಿಯಿರಬೇಕು, ಇಲ್ಲದಿದ್ದರೆ ಉಳಿದದ್ದೆಲ್ಲ ಬಿಡಿಭಾಗದ ರಾಶಿ.

ಮಾತು ಗಾಳಿಯಲ್ಲಿ ಉಳಿಯದಿರಲೆಂದು ಒಂದು ಸೈಕಲ್ ಹಿಡಿದುಕೊಂಡು ಹೇಳುತ್ತೇವೆ. ಅಲ್ಯುಮಿನಿಯಂ ಫ್ರೇಮಿನ ರೋಡ್ ಬೈಕು, ಮುಂದಿನ ಗಾಲಿ ಹಿಡಿಯುವ ಕಾರ್ಬನ್ ಫೋರ್ಕು, ಗಾಲಿಯ ಅಂಚನ್ನೇ ಹಿಡಿಯುವ ರಿಮ್ ಬ್ರೇಕು, ಗೇರು-ಬ್ರೇಕಿನ ಭಾಗಗಳು ಶಿಮಾನೋ ಕಂಪನಿಯ 105 ದರ್ಜೆಯ, 11 ಸ್ಪೀಡಿನ (ಹಿಂದೆ 11 ಹಲ್ಲುಗಾಲಿ) 5800 ಸೆಟ್ಟು. 2018ರಲ್ಲಿ ಕೊಂಡದ್ದೆಂದು ಮಾಲೀಕರ ಮಾತು, ಬಿಲ್ಲೂ ಇದೆ. ಎಡ ಕ್ರ್ಯಾಂಕಿನ ಒಳಮೈ ಒರೆಸಿದರೆ ಎರಡು ಇಂಗ್ಲಿಷ್ ಅಕ್ಷರ ಕಾಣುತ್ತವೆ: ‘ಒ’ ಮತ್ತು ‘ಡಿ’. ಶಿಮಾನೋ ಭಾಗಗಳಲ್ಲಿ ಮೊದಲ ಅಕ್ಷರ ತಯಾರಾದ ವರ್ಷ, ಎರಡನೆಯದು ತಿಂಗಳು. ವರ್ಷದ ಅಕ್ಷರ 1976ಕ್ಕೆ ‘ಎ’ ಇಂದ ಶುರುವಾಗಿ 2001ಕ್ಕೆ ‘ಝಡ್’ ಮುಟ್ಟಿತು, 2002ಕ್ಕೆ ಮತ್ತೆ ‘ಎ’. ತಿಂಗಳು ಜನವರಿಯ ‘ಎ’ ಇಂದ ಡಿಸೆಂಬರಿನ ‘ಎಲ್’ ವರೆಗೆ. ಹಾಗಾಗಿ ಒ-ಡಿ ಅಂದರೆ 2016ರ ಏಪ್ರಿಲ್. ಅಕ್ಷರದ ಲೆಕ್ಕದಲ್ಲಿ 1990ರ ಏಪ್ರಿಲ್ ಕೂಡ ಆಗಬಹುದಿತ್ತು, ಆದರೆ ಆಗ 11 ಸ್ಪೀಡು ಇರಲಿಲ್ಲ. ಮಾಲೀಕರು ಸುಳ್ಳು ಹೇಳಿಲ್ಲ. ಸೈಕಲ್ ಅಂಗಡಿಯಲ್ಲಿ ಉಳಿದುಕೊಂಡಿತ್ತು, ಅವರು 2018ರಲ್ಲಿ ಕೊಂಡರು. ಅದೇ ವರ್ಷ 105ರ ಹೊಸ ತಲೆಮಾರು ಆರ್7000 ಬಂತು. ಕೊಳ್ಳುವವರು ಬಿಲ್ಲಿನ ದಿನಾಂಕ ನೋಡಿ ದುಡ್ಡು ಕೊಡುವುದಿಲ್ಲ, ತಲೆಮಾರು ನೋಡಿ ಕೊಡುತ್ತಾರೆ. ಆದ್ದರಿಂದ ಇದನ್ನು 2016ರ ಸೈಕಲ್ ಎಂದೇ ಬರೆದುಕೊಳ್ಳುತ್ತೇವೆ.

ಅದೇ ಅಕ್ಷರಗಳಿಗೆ ಇನ್ನೊಂದು ಕೆಲಸವೂ ಇದೆ. 2023ರ ಸೆಪ್ಟೆಂಬರಿನಲ್ಲಿ ಶಿಮಾನೋ 105ಕ್ಕಿಂತ ಮೇಲಿನ ದರ್ಜೆಯ ತನ್ನ 11 ಸ್ಪೀಡಿನ ಅಲ್ಟೆಗ್ರಾ ಮತ್ತು ಡ್ಯೂರಾ-ಏಸ್ ಹಾಲೋಟೆಕ್ ಕ್ರ್ಯಾಂಕ್‌ಗಳನ್ನು ತಪಾಸಣೆಗೆ ತರುವಂತೆ ಕರೆ ಕೊಟ್ಟಿತು. ಟೊಳ್ಳು ಕ್ರ್ಯಾಂಕನ್ನು ಎರಡು ತುಂಡು ಅಂಟಿಸಿ ಮಾಡಿದ್ದು. ಅಂಟು ಬಿಟ್ಟರೆ ತುಂಡುಗಳು ಬೇರಾಗಿ ತುಳಿಯುವಾಗಲೇ ಮುರಿಯಬಹುದು. 6800, ಆರ್8000, 9000, ಆರ್9100 ಮಾದರಿಗಳು, 2019ರ ಜುಲೈಗೆ ಮೊದಲು ತಯಾರಾದವು. ಗುರುತಿನಲ್ಲಿ ಹೇಳುವುದಾದರೆ ಕೆ-ಎಫ್‌ನಿಂದ ಆರ್-ಎಫ್ ವರೆಗೆ. ಇಂಥ ಕ್ರ್ಯಾಂಕ್ ಇರುವ ಸೈಕಲ್‌ಗೆ ತಪಾಸಣೆ ಮುಗಿದ ಕಾಗದವೋ, ಬದಲಿಸಿಕೊಟ್ಟ ಹೊಸ ಕ್ರ್ಯಾಂಕೋ ಇದ್ದರೆ ಪೂರ್ತಿ ಬೆಲೆ. ಇಲ್ಲದಿದ್ದರೆ ಮೊದಲು ತಪಾಸಣೆ ಮಾಡಿಸಿಕೊಂಡು ಬನ್ನಿ ಎನ್ನುತ್ತೇವೆ. ನಮ್ಮ ಉದಾಹರಣೆಯ 105 ಆ ಪಟ್ಟಿಯಲ್ಲಿಲ್ಲ.

ಈಗ ಫ್ರೇಮು. ಬೇರೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದು ಇದೇ. ಸೈಕಲ್ ತೊಳೆಯದೆ ನೋಡಬಾರದು, ಬಿರುಕು ಧೂಳಿನಡಿ ಅಡಗುತ್ತದೆ. ಟಾರ್ಚನ್ನು ಕೊಳವೆಯ ಮೇಲಿಂದ ಹಿಡಿಯದೆ ಪಕ್ಕದಿಂದ ಓರೆಯಾಗಿ ಹಿಡಿದರೆ ಸಣ್ಣ ಉಬ್ಬು-ತಗ್ಗೂ ನೆರಳು ಬೀಳಿಸುತ್ತದೆ. ಮುಂದಿನಿಂದ ಗುದ್ದಿದ ಸೈಕಲ್ ಎಲ್ಲಿ ಸಾಕ್ಷಿ ಹೇಳುತ್ತದೆ ಎಂಬುದು ಗೊತ್ತಿದ್ದರೆ ಕೆಲಸ ಹಗುರ: ಹೆಡ್ ಟ್ಯೂಬಿನಿಂದ ಎರಡು ಮೂರು ಬೆರಳು ಹಿಂದೆ, ಕೆಳಗಿನ ಓರೆ ಕೊಳವೆಯಾದ ಡೌನ್ ಟ್ಯೂಬಿನ ಕೆಳಮೈ ಮತ್ತು ಮೇಲಿನ ಅಡ್ಡ ಕೊಳವೆಯಾದ ಟಾಪ್ ಟ್ಯೂಬಿನ ಕೆಳಮೈ. ಗುದ್ದಿದಾಗ ಫೋರ್ಕು ಹಿಂದಕ್ಕೆ ತಳ್ಳಿ, ಆ ಜಾಗದಲ್ಲಿ ಕೊಳವೆ ಮಡಿಕೆ ಬೀಳುತ್ತದೆ. ಕಣ್ಣಿಗೆ ಕಾಣದ ಮಡಿಕೆ ಹೆಬ್ಬೆರಳಿಗೆ ಸಿಗುತ್ತದೆ. ಬೆರಳನ್ನು ಕೊಳವೆಯ ಉದ್ದಕ್ಕೆ ನಿಧಾನ ಎಳೆದರೆ ಸಣ್ಣ ಅಲೆ ತಾಗುತ್ತದೆ, ಅದರ ಮೇಲಿನ ಬಣ್ಣ ಅಡ್ಡಡ್ಡ ಬಿರಿದಿರುತ್ತದೆ. ಗೀರು ಬಿದ್ದ ಬಣ್ಣ ಬೇರೆ, ಬಿರಿದ ಬಣ್ಣ ಬೇರೆ. ಗೀರು ಹೊರಗಿನಿಂದ ಬಂದದ್ದು, ಅದಕ್ಕೆ ಸ್ವಲ್ಪ ಬೆಲೆ ಕಡಿಮೆಯಾಗುತ್ತದೆ ಅಷ್ಟೆ. ಅಡಿಯ ಲೋಹ ಅಲ್ಲಾಡಿದಾಗ ಬಣ್ಣ ಬಿರಿಯುತ್ತದೆ, ಅಲ್ಲಿಗೆ ಆ ಅಲ್ಯುಮಿನಿಯಂ ಫ್ರೇಮ್ ಕತೆ ಮುಗಿಯಿತು. ಉಕ್ಕಿನದಾದರೆ ಕೊಳವೆ ಬದಲಿಸುವ ಕೆಲಸಗಾರರಿದ್ದಾರೆ, ಆದರೆ ಒಳ್ಳೆ ದರ್ಜೆಯ ಫ್ರೇಮ್ ಅಲ್ಲದಿದ್ದರೆ ಕೂಲಿಯೇ ಸೈಕಲ್ ಬೆಲೆ ಮೀರುತ್ತದೆ.

ವೆಲ್ಡಿಂಗ್ ಅಂಚುಗಳು, ಬಾಟಮ್ ಬ್ರ್ಯಾಕೆಟ್ ಸುತ್ತ, ಸೀಟ್ ಟ್ಯೂಬಿನ ತುದಿಯ ಸೀಳು, ಹಿಂದಿನ ಡ್ರಾಪೌಟ್ ಮೂಲೆಗಳು. ಇವು ಲೋಹದ ದಣಿವಿನಿಂದ ಬಿರಿಯುವ ಜಾಗಗಳು. ಸೀಟ್ ಕಂಬವನ್ನು ಕನಿಷ್ಠ ಗುರುತಿಗಿಂತ ಮೇಲೆತ್ತಿ ಓಡಿಸಿದ ಸೈಕಲ್‌ನಲ್ಲಿ ಟಾಪ್ ಟ್ಯೂಬ್ ಸೇರುವಲ್ಲೇ ಸೀಟ್ ಟ್ಯೂಬ್ ಸೀಳುತ್ತದೆ. ಸೀಟ್ ಕಂಬ ಬಿಚ್ಚಿ ಹೊರಕ್ಕೆ ಎಳೆದೇ ನೋಡಬೇಕು. ಉಕ್ಕಿನ ಫ್ರೇಮಿನಲ್ಲಿ ಅಲ್ಯುಮಿನಿಯಂ ಕಂಬ ಗ್ರೀಸಿಲ್ಲದೆ ವರ್ಷಗಟ್ಟಲೆ ಕೂತಿದ್ದರೆ, ಬೆವರು-ನೀರು ಸೇರಿ ಎರಡು ಲೋಹದ ನಡುವೆ ತುಕ್ಕು ಗಟ್ಟಿಯಾಗಿ ಕಂಬ ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. ಅಂಥ ಸೈಕಲ್ ಅದೇ ಎತ್ತರದ ಸವಾರನಿಗಷ್ಟೇ ಸಲ್ಲುತ್ತದೆ. ಕಂಬ ತೆಗೆಯಲು ಗರಗಸದಲ್ಲಿ ಒಳಗಿಂದ ಸೀಳಬೇಕಾದರೆ ಅರ್ಧ ದಿನದ ಕೂಲಿ, ಜೊತೆಗೆ ಫ್ರೇಮ್ ಕೆಡುವ ಭಯ. ಸಾಮಾನ್ಯ ಸೈಕಲ್ ಆದರೆ ಈ ಒಂದೇ ಕಾರಣಕ್ಕೆ ಅರ್ಧ ಬೆಲೆ ಬಿಡಬೇಕಾಗುತ್ತದೆ.

ಫ್ರೇಮ್ ನೇರವಿದೆಯೇ ಎಂದು ತಿಳಿಯಲು ಒಂದು ಗಟ್ಟಿ ದಾರ ಸಾಕು. ಹಿಂದಿನ ಗಾಲಿ ಬಿಚ್ಚಿ, ದಾರವನ್ನು ಒಂದು ಡ್ರಾಪೌಟಿಗೆ ಕಟ್ಟಿ, ಹೆಡ್ ಟ್ಯೂಬಿನ ಮುಂದಿನಿಂದ ಸುತ್ತಿಸಿ ಇನ್ನೊಂದು ಡ್ರಾಪೌಟಿಗೆ ಬಿಗಿಯಾಗಿ ಕಟ್ಟುವುದು. ದಾರಕ್ಕೂ ಸೀಟ್ ಟ್ಯೂಬಿಗೂ ನಡುವಿನ ಅಂತರವನ್ನು ಎರಡೂ ಬದಿ ಅಳೆಯುವುದು. ಒಂದೆರಡು ಮಿಲಿಮೀಟರ್ ವ್ಯತ್ಯಾಸ ಎಲ್ಲದರಲ್ಲೂ ಇರುತ್ತದೆ. ಅದಕ್ಕಿಂತ ಮೇಲಾದರೆ ಸೈಕಲ್ ಒಂದು ಬದಿಗೆ ಎಳೆಯುತ್ತದೆ. ಚೈನನ್ನು ಗೇರಿನಿಂದ ಗೇರಿಗೆ ದಾಟಿಸುವ ಡಿರೇಲರ್ ನೇತಾಡುವ ಹ್ಯಾಂಗರ್ ಬಾಗಿರುವುದನ್ನು ಕಂಡು ಫ್ರೇಮೇ ಕೆಟ್ಟಿದೆ ಎಂದು ಹೆದರುವವರಿದ್ದಾರೆ. ಸೈಕಲ್ ಬಲಕ್ಕೆ ಬಿದ್ದಾಗ ಮೊದಲು ಬಾಗುವುದೇ ಅದು, ಬಾಗಲೆಂದೇ ಮೆತ್ತಗೆ ಮಾಡಿರುತ್ತಾರೆ. ಬಿಚ್ಚಿ ಬದಲಿಸುವ ಬಗೆಯದಾದರೆ ಸಣ್ಣ ಖರ್ಚು.

ಕಾರ್ಬನ್ ಫ್ರೇಮ್ ಮತ್ತು ಫೋರ್ಕಿಗೆ ನಾಣ್ಯದಿಂದ ತಟ್ಟಿ ನೋಡುವ ರೂಢಿಯಿದೆ. ಗಟ್ಟಿಯಿದ್ದಲ್ಲಿ ಚುರುಕು ಸದ್ದು, ಪದರ ಬಿಟ್ಟಲ್ಲಿ ಮಂಕು ಸದ್ದು. ಆದರೆ ಕೊಳವೆಯ ದಪ್ಪ ಜಾಗದಿಂದ ಜಾಗಕ್ಕೆ ಬದಲಾಗುವುದರಿಂದ ಸದ್ದೂ ಬದಲಾಗುತ್ತದೆ. ತಟ್ಟುವುದು ಅನುಮಾನ ಹುಟ್ಟಿಸಲು ಸಾಕು, ಅನುಮಾನ ಪರಿಹರಿಸಲು ಸಾಲದು. ಹ್ಯಾಂಡಲನ್ನು ಫೋರ್ಕಿಗೆ ಜೋಡಿಸುವ ಸ್ಟೆಮ್ ಬಿಗಿದ ಜಾಗ, ಸೀಟ್ ಕ್ಲ್ಯಾಂಪಿನ ಜಾಗ ಬಿಚ್ಚಿ ನೋಡುತ್ತೇವೆ, ಯಾಕೆಂದರೆ ಅಳತೆ ತಪ್ಪಿ ಬಿಗಿದ ಬೋಲ್ಟು ಕಾರ್ಬನ್ನನ್ನು ಸದ್ದಿಲ್ಲದೆ ಪುಡಿ ಮಾಡುತ್ತದೆ. ಫೋರ್ಕ್ ಹೊರಕ್ಕೆ ಎಳೆದು ಹೆಡ್ ಟ್ಯೂಬಿನೊಳಗಿನ ಕಂಬವನ್ನೂ ನೋಡಬೇಕು. ಬಿದ್ದ ಇತಿಹಾಸವಿದ್ದು ಒಳಗೆ ಏನಾಗಿದೆ ಎಂದು ಖಚಿತವಾಗದಿದ್ದರೆ ಫ್ರೇಮಿಗೆ ಬೆಲೆ ಹಾಕದೆ ಭಾಗಗಳಿಗಷ್ಟೇ ಹಾಕುತ್ತೇವೆ. ಇಲ್ಲಿ ಉದಾರತೆ ತೋರಿಸಿದರೆ ಅದರ ಫಲ ಅನುಭವಿಸುವುದು ಮುಂದಿನ ಸವಾರನ ಮೈ.

ಫ್ರೇಮ್ ಪಾಸಾದ ಮೇಲೆ ಸವೆತದ ಲೆಕ್ಕ. ಶುರು ಚೈನಿನಿಂದ, ಏಕೆಂದರೆ ಸೈಕಲ್‌ನ ಆರೈಕೆ ಹೇಗಿತ್ತು ಎಂಬುದನ್ನು ಚೈನಿನಷ್ಟು ಸ್ಪಷ್ಟವಾಗಿ ಬೇರಾವ ಭಾಗವೂ ಹೇಳುವುದಿಲ್ಲ. ಚೈನಿನ ಪಿನ್ನಿಂದ ಪಿನ್ನಿಗೆ ಅರ್ಧ ಇಂಚು. ಹೊಸ ಚೈನಿನಲ್ಲಿ 24 ಕೊಂಡಿಯ ಉದ್ದ ಸರಿಯಾಗಿ 12 ಇಂಚು, ಅಂದರೆ 304.8 ಮಿಲಿಮೀಟರ್. ಉಕ್ಕಿನ ಸ್ಕೇಲಿನ ಸೊನ್ನೆಯನ್ನು ಒಂದು ಪಿನ್ನಿನ ನಡುಮಧ್ಯಕ್ಕೆ ಹಿಡಿದು, ಚೈನನ್ನು ಬಿಗಿಯಾಗಿ ಎಳೆದು, 24ನೇ ಕೊಂಡಿಯ ಕೊನೆಯ ಪಿನ್ ಎಲ್ಲಿ ನಿಂತಿದೆ ನೋಡುವುದು. 12 ಇಂಚಿಗಿಂತ ಹದಿನಾರನೇ ಒಂದು ಇಂಚು ಮುಂದೆ ಹೋಗಿದ್ದರೆ ಸುಮಾರು ಶೇ 0.5 ಸವೆದಿದೆ, ಎಂಟನೇ ಒಂದು ಇಂಚು ಮುಂದಿದ್ದರೆ ಶೇ 1. ಚೈನ್ ಎಳೆದು ಉದ್ದವಾಯಿತು ಎನ್ನುತ್ತಾರೆ, ಲೋಹ ಹಿಗ್ಗಿರುವುದಿಲ್ಲ. ಪ್ರತಿ ಪಿನ್ನೂ ಅದು ಕೂರುವ ತೂತೂ ಒಂದಿಷ್ಟು ಸವೆದು, ಆ ಸಡಿಲ ಎಲ್ಲ ಕೂಡಿ ಉದ್ದವಾಗಿ ಕಾಣುತ್ತದೆ.

11, 12 ಸ್ಪೀಡಿನ ಚೈನನ್ನು ಶೇ 0.5ಕ್ಕೆ, 9, 10 ಸ್ಪೀಡಿನದನ್ನು ಶೇ 0.75ಕ್ಕೆ, ಒಂದೇ ಗೇರಿನದನ್ನು ಶೇ 1ಕ್ಕೆ ಬದಲಿಸುವುದು ರೂಢಿ. ಅಷ್ಟರೊಳಗೆ ಬದಲಿಸಿದ್ದರೆ ಹಿಂದಿನ ಹಲ್ಲುಗಾಲಿಗಳ ಗುಚ್ಛ, ಅಂದರೆ ಕ್ಯಾಸೆಟ್, ಉಳಿಯುತ್ತದೆ. ಶೇ 1 ದಾಟಿಸಿ ಓಡಿಸಿದ್ದರೆ ಕ್ಯಾಸೆಟ್ಟಿನ ಹಲ್ಲುಗಳೂ ಅದೇ ಸಡಿಲಕ್ಕೆ ತಕ್ಕಂತೆ ಸವೆದು, ಹೊಸ ಚೈನ್ ಹಾಕಿದ ಕೂಡಲೇ ಜೋರಾಗಿ ತುಳಿದಾಗ ಹಲ್ಲು ಹಾರುತ್ತದೆ. ಆಗ ಚೈನು, ಕ್ಯಾಸೆಟ್ ಎರಡೂ ಲೆಕ್ಕಕ್ಕೆ ಬರುತ್ತವೆ, ಕೆಲವೊಮ್ಮೆ ಮುಂದಿನ ಚೈನ್‌ರಿಂಗೂ. ಮಾರುವ ಮುನ್ನ ಹೊಸ ಚೈನ್ ಹಾಕಿ ತಂದ ಸೈಕಲ್ ಬಗ್ಗೆ ಎಚ್ಚರ ಬೇಕು. ಅಳತೆಯಲ್ಲಿ ಚೈನ್ ಸರಿಯಿರುತ್ತದೆ, ಕ್ಯಾಸೆಟ್ ಹಳೆಯದು. ಹತ್ತಿ ಒಂದೊಂದು ಗೇರಿನಲ್ಲೂ, ಮುಖ್ಯವಾಗಿ ಚಿಕ್ಕ ಹಲ್ಲುಗಾಲಿಗಳಲ್ಲಿ, ಬ್ರೇಕ್ ಸ್ವಲ್ಪ ಹಿಡಿದುಕೊಂಡೇ ಒತ್ತಿ ತುಳಿದರೆ ಬಯಲಾಗುತ್ತದೆ. ನಮ್ಮ ಉದಾಹರಣೆಯ ಸೈಕಲ್‌ನಲ್ಲಿ ಚೈನ್ ಎಂಟನೇ ಒಂದು ಇಂಚಿಗೆ ಬಂದು ನಿಂತಿದೆ. ಚೈನು, ಕ್ಯಾಸೆಟ್ ಎರಡನ್ನೂ ಬರೆದುಕೊಂಡೆವು.

ರಿಮ್ ಬ್ರೇಕಿನ ಸೈಕಲ್‌ನಲ್ಲಿ ಜನ ಮರೆಯುವ ಭಾಗ ರಿಮ್ಮು. ಬ್ರೇಕ್ ಪ್ಯಾಡ್ ಉಜ್ಜುವ ಗೋಡೆ ಪ್ರತಿ ಸಲವೂ ಸವೆಯುತ್ತದೆ, ಮಳೆ-ಮಣ್ಣಿನಲ್ಲಿ ಬೇಗ. ಹೆಚ್ಚಿನ ರಿಮ್‌ಗಳಲ್ಲಿ ಸುತ್ತಲೂ ಒಂದು ಗೆರೆಯೋ, ಒಂದೆರಡು ಕಡೆ ಸಣ್ಣ ಕುಳಿಯೋ ಇರುತ್ತದೆ. ಅದು ಅಳಿಸಿಹೋಗಿದ್ದರೆ ರಿಮ್ಮಿನ ಆಯಸ್ಸು ಮುಗಿದಿದೆ. ಗುರುತಿಲ್ಲದ ರಿಮ್ಮಿಗೆ ಸ್ಕೇಲಿನ ಅಂಚನ್ನು ಗೋಡೆಗೆ ಒತ್ತಿ ಬೆಳಕಿಗೆ ಹಿಡಿಯುವುದು. ನಡುವೆ ಒಳಕ್ಕೆ ಕುಸಿದಿದ್ದರೆ ಬೆಳಕು ತೂರಿ ಬರುತ್ತದೆ. ತೆಳುವಾದ ಗೋಡೆ ಟೈರಿನ ಗಾಳಿಯ ಒತ್ತಡಕ್ಕೆ ಒಮ್ಮೆಲೇ ಹರಿದು ಹೊರಕ್ಕೆ ಬಿಚ್ಚಿಕೊಳ್ಳುತ್ತದೆ. ಇದಕ್ಕೆ ರಿಪೇರಿ ಇಲ್ಲ. ಹೊಸ ರಿಮ್ ಹಾಕಿ ಕಡ್ಡಿ ಕಟ್ಟುವ ಕೂಲಿಗಿಂತ ಸಾಮಾನ್ಯ ದರ್ಜೆಯ ಗಾಲಿಯನ್ನು ಇಡಿಯಾಗಿ ಬದಲಿಸುವುದೇ ಅಗ್ಗ. ಡಿಸ್ಕ್ ಬ್ರೇಕಿನಲ್ಲಿ ಈ ತಾಪತ್ರಯ ಇಲ್ಲ, ಸವೆಯುವುದು ಬಿಲ್ಲೆ. ಶಿಮಾನೋ ಬಿಲ್ಲೆ ಹೊಸದರಲ್ಲಿ 1.8 ಮಿಲಿಮೀಟರ್ ದಪ್ಪ, 1.5ಕ್ಕೆ ಇಳಿದರೆ ಬದಲಿಸಬೇಕು. ವರ್ನಿಯರ್‌ನಲ್ಲಿ ಅಳೆಯುವಾಗ ಪ್ಯಾಡ್ ತಾಗುವ ಜಾಗದಲ್ಲೇ ಹಿಡಿಯಿರಿ, ಅಂಚಿನಲ್ಲಿ ಸವೆತ ಕಾಣಿಸದು.

ಗಾಲಿಯ ಬೆಂಡು ತೆಗೆಯುವುದು ಕೆಲವೇ ನಿಮಿಷದ ಕೆಲಸ. ಆದರೆ ತೆಗೆಯಲು ಬರುವಂತಿದೆಯೇ ಎಂಬುದು ಮುಖ್ಯ. ಕಡ್ಡಿ ಬಿಗಿಯುವ ನಿಪ್ಪಲ್‌ಗಳು ತುಕ್ಕು ಹಿಡಿದು ಕಡ್ಡಿಗೆ ಅಂಟಿದ್ದರೆ ತಿರುಗಿಸಿದಾಗ ಮುರಿಯುತ್ತವೆ. ಹಿಂದಿನ ಗಾಲಿಯಲ್ಲಿ ಗೇರಿನ ಬದಿಯ ಕಡ್ಡಿಗಳು ಗಾಲಿಯ ನಡುವಿನ ಹಬ್ಬಿನ ಬಳಿ ಬಾಗಿದಲ್ಲಿ ಮುರಿಯುತ್ತವೆ. ಒಂದು ಆಗಲೇ ಮುರಿದು ಹೊಸದು ಹಾಕಿದ್ದರೆ ಚಿಂತೆಯಿಲ್ಲ, ಮೂರು ನಾಲ್ಕು ಹೊಸ ಕಡ್ಡಿ ಕಂಡರೆ ಉಳಿದವೂ ದಣಿದಿವೆ ಎಂದೇ ಅರ್ಥ.

ಬೇರಿಂಗ್‌ಗಳನ್ನು ಕೈಯಿಂದಲೇ ಓದಬಹುದು. ಮುಂದಿನ ಗಾಲಿ ಎತ್ತಿ ಹ್ಯಾಂಡಲನ್ನು ಬಹಳ ನಿಧಾನ ತಿರುಗಿಸಿ. ನೇರಕ್ಕೆ ಬಂದಾಗ ಯಾವುದೋ ಕುಳಿಯಲ್ಲಿ ಕೂತಂತೆ ಹಿಡಿದರೆ ಹೆಡ್‌ಸೆಟ್ಟಿನ (ಹ್ಯಾಂಡಲ್ ತಿರುಗುವ ಬೇರಿಂಗಿನ) ಗುಂಡುಗಳು ದಾರಿಯಲ್ಲಿ ಕುಳಿ ಮಾಡಿವೆ. ಚೈನ್ ಕೆಳಗಿಳಿಸಿ ಕ್ರ್ಯಾಂಕನ್ನು ಫ್ರೇಮಿನ ಕಡೆಗೆ ತಳ್ಳಿ ಎಳೆದರೆ ಬಾಟಮ್ ಬ್ರ್ಯಾಕೆಟ್ಟಿನ ಆಟ ಗೊತ್ತಾಗುತ್ತದೆ. ಗಾಲಿಯ ಹಬ್ಬಿನಲ್ಲಿ ಗುಂಡುಗಳನ್ನು ಒತ್ತಿ ಹಿಡಿಯುವ ಕೋನ್ ಸವೆದಿದ್ದರೆ ಅಗ್ಗದ ಬದಲಾವಣೆ. ಕೋನಿನ ಎದುರು ಹಬ್ಬಿನೊಳಗೆ ಇರುವ ಬಟ್ಟಲು ಕುಳಿಬಿದ್ದಿದ್ದರೆ ಹಬ್ಬೇ ಹೋಯಿತು. ಪೆಡಲ್‌ಗಳನ್ನು ಒಮ್ಮೆ ಬಿಚ್ಚಿಯೇ ನೋಡುತ್ತೇವೆ. ಎಡ ಪೆಡಲಿನ ಥ್ರೆಡ್ ಉಲ್ಟಾ ಇರುತ್ತದೆ. ತಿಳಿಯದವರು ಬಲವಂತದಿಂದ ತಿರುಗಿಸಿ ಕ್ರ್ಯಾಂಕಿನ ಥ್ರೆಡ್ ಕತ್ತರಿಸಿರುವುದು ಅಪರೂಪವಲ್ಲ. ಚೌಕ ಅಚ್ಚಿನ ಹಳೆ ಮಾದರಿಯಲ್ಲಿ ಸಡಿಲ ಕ್ರ್ಯಾಂಕಿನಲ್ಲೇ ಓಡಿಸಿದ್ದರೆ ಚೌಕ ತೂತು ದುಂಡಗಾಗಿ, ಎಷ್ಟು ಬಿಗಿದರೂ ನಿಲ್ಲುವುದಿಲ್ಲ.

ಟೈರಿನ ಪಕ್ಕದ ಗೋಡೆ ಬಿರಿದಿದ್ದರೆ ಮೇಲಿನ ಕಚ್ಚು ಎಷ್ಟೇ ಉಳಿದಿರಲಿ ಹೊಸ ಟೈರೇ. ಕೇಬಲ್ಲು, ಹ್ಯಾಂಡಲ್ ಟೇಪು, ಬ್ರೇಕ್ ಪ್ಯಾಡು ಎಲ್ಲಕ್ಕೂ ಒಂದೊಂದು ಸಾಲು. ಸೀಟು, ಬೆಲ್ಲು, ಬಾಟಲಿ ಹಿಡಿಕೆಗೆ ನಾವು ಏನೂ ಕೂಡಿಸುವುದಿಲ್ಲ, ಕಳೆಯುವುದೂ ಇಲ್ಲ.

ಸಸ್ಪೆನ್ಶನ್ ಇರುವ ಮೌಂಟನ್ ಬೈಕಿನಲ್ಲಿ ಫೋರ್ಕಿನ ನುಣುಪು ಕಾಲುಗಳೇ ಬೆಲೆ ತೀರ್ಮಾನಿಸುತ್ತವೆ. ಉಗುರಿಗೆ ತಾಗುವ ಗೀರಿದ್ದರೆ ಸೀಲು ಹರಿದು ಎಣ್ಣೆ ಸೋರುತ್ತದೆ, ಮೇಲಿನ ಲೇಪ ಸವೆದು ಲೋಹ ಕಂಡಿದ್ದರೆ ಮೇಲ್ಭಾಗವನ್ನೇ ಬದಲಿಸಬೇಕು, ಅದು ಅರ್ಧ ಹೊಸ ಫೋರ್ಕಿನ ಖರ್ಚು. ಕೆಳಕಾಲು ಬಿಚ್ಚಿ ಎಣ್ಣೆ ಬದಲಿಸುವ ಕೆಲಸವನ್ನು ಫೋರ್ಕ್ ತಯಾರಿಸುವ ರಾಕ್‌ಶಾಕ್ಸ್ ಕಂಪನಿ 50 ಗಂಟೆ ಸವಾರಿಗೊಮ್ಮೆ ಮಾಡಿ ಎನ್ನುತ್ತದೆ. ಮಾಡಿಸಿದ ರಸೀದಿ ಇಟ್ಟುಕೊಂಡವರ ಸೈಕಲ್‌ಗೆ ನಾವು ಸಂತೋಷದಿಂದ ಹೆಚ್ಚು ಬೆಲೆ ಕಟ್ಟುತ್ತೇವೆ.

ವಿದ್ಯುತ್ ಸೈಕಲ್ ಬೇರೆಯದೇ ಲೋಕ. ಅಲ್ಲಿ ಬೆಲೆಯೆಂದರೆ ಬ್ಯಾಟರಿ. ಲಿಥಿಯಂ-ಅಯಾನ್ ಬ್ಯಾಟರಿ ಸಾಮಾನ್ಯವಾಗಿ 500ರಿಂದ 1000 ಪೂರ್ತಿ ಚಾರ್ಜ್‌ಗಳ ಹೊತ್ತಿಗೆ ಗಮನಾರ್ಹವಾಗಿ ಶಕ್ತಿ ಕಳೆದುಕೊಳ್ಳುತ್ತದೆ. ಓಡಿಸದೆ ಪೂರ್ತಿ ಖಾಲಿಯಾಗಿ ತಿಂಗಳುಗಟ್ಟಲೆ ಬಿಟ್ಟದ್ದು ಓಡಿಸಿದ್ದಕ್ಕಿಂತ ಬೇಗ ಸಾಯುತ್ತದೆ. ದೊಡ್ಡ ಕಂಪನಿಗಳ ಮೋಟರ್ ಆದರೆ ಅಧಿಕೃತ ಡೀಲರ್ ಬಳಿ ತಂತಿ ಸೇರಿಸಿ ಎಷ್ಟು ಸಲ ಚಾರ್ಜ್ ಆಗಿದೆ, ಎಷ್ಟು ಕಿಲೋಮೀಟರ್ ಓಡಿದೆ ಎಂಬ ವರದಿ ತೆಗೆಸಬಹುದು. ಆ ಕಾಗದ ಇಲ್ಲದೆ ಬೆಲೆ ಹೇಳುವುದು ಕತ್ತಲಲ್ಲಿ ಕಲ್ಲು ಎಸೆದಂತೆ. ಆ ಮಾದರಿಯ ಬ್ಯಾಟರಿ ಇನ್ನೂ ತಯಾರಾಗುತ್ತಿದೆಯೇ ಎಂದೂ ವಿಚಾರಿಸುತ್ತೇವೆ. ನಿಂತುಹೋಗಿದ್ದರೆ ಸೈಕಲ್‌ನ ಆಯಸ್ಸು ಈಗಿರುವ ಬ್ಯಾಟರಿಯ ಆಯಸ್ಸಿನಷ್ಟೇ. ಚಾರ್ಜರ್ ಮತ್ತು ಬೀಗದ ಕೀ ಜೊತೆಗಿಲ್ಲದಿದ್ದರೆ ಅದು ಬೆಲೆಯ ಪ್ರಶ್ನೆಯಲ್ಲ, ಸೈಕಲ್ ಯಾರದು ಎಂಬ ಪ್ರಶ್ನೆ.

ಚೂರೂ ಕೆಡದ ಸೈಕಲ್ ಬೆಲೆ ಕಳೆದುಕೊಳ್ಳುವುದು ಅಳತೆಗಳು ಬದಲಾದಾಗ. ಮಾಲೀಕರಿಗೆ ಅರಗದ ವಿಷಯ ಇದು, ಅವರ ಬೇಸರ ನ್ಯಾಯವಾದದ್ದೇ. ಮೌಂಟನ್ ಬೈಕಿನ 26 ಇಂಚಿನ ಗಾಲಿಯ ರಿಮ್ ಅಳತೆ 559 ಮಿಲಿಮೀಟರ್. ಆಮೇಲೆ 584ರ ಇಪ್ಪತ್ತೇಳೂವರೆ ಇಂಚು ಬಂತು, 622ರ 29 ಇಂಚು ನೆಲೆನಿಂತಿತು. ಒಳ್ಳೆ ದರ್ಜೆಯ 26 ಇಂಚಿನ ಸೈಕಲ್ ಈಗಲೂ ಚೆನ್ನಾಗಿ ಓಡುತ್ತದೆ, ಆದರೆ ಅದಕ್ಕೆ ಮೇಲ್ದರ್ಜೆಯ ಫೋರ್ಕು, ಗಾಲಿ, ಟೈರು ಆಯ್ದುಕೊಳ್ಳುವ ಅವಕಾಶ ಕುಗ್ಗಿದೆ. ಹಿಂದಿನ ಆಕ್ಸಲ್ ಅಗಲ 135, 142, 148 ಮಿಲಿಮೀಟರ್ ಎಂದು ಬದಲಾಗುತ್ತಾ ಹೋಯಿತು. ಫೋರ್ಕಿನ ಕಂಬ ಒಂದೇ ದಪ್ಪದ್ದಿದ್ದು ಕೆಳಗೆ ದಪ್ಪ ಮೇಲೆ ಸಣ್ಣ ಆಯಿತು. ರೋಡ್ ಬೈಕಿನಲ್ಲಿ 2018ರಲ್ಲಿ ಸೈಕಲ್ ರೇಸುಗಳ ಅಂತರರಾಷ್ಟ್ರೀಯ ಸಂಸ್ಥೆ ಯುಸಿಐ ಡಿಸ್ಕ್ ಬ್ರೇಕಿಗೆ ಪೂರ್ತಿ ಒಪ್ಪಿಗೆ ಕೊಟ್ಟ ಮೇಲೆ ಮೇಲ್ದರ್ಜೆಯ ಹೊಸ ಸೈಕಲ್‌ಗಳಲ್ಲಿ ಹೆಚ್ಚಿನವು ಅತ್ತ ತಿರುಗಿ, ರಿಮ್ ಬ್ರೇಕಿನವುಗಳ ಮರುಮಾರಾಟ ಬೆಲೆ ಕುಸಿಯಿತು. ಕೊಳ್ಳುವವರಿಗೆ ಇದು ಲಾಭ. ಸುಮ್ಮನೆ ಓಡಿಸಲು ಒಂದು ಒಳ್ಳೆ ಸೈಕಲ್ ಬೇಕೆನ್ನುವವರಿಗೆ ನಾವು ಧೈರ್ಯವಾಗಿ ರಿಮ್ ಬ್ರೇಕಿನದೇ ತೋರಿಸುತ್ತೇವೆ.

ಭಾಗಗಳ ದರ್ಜೆ ನೋಡುವಾಗ ಹಿಂದಿನ ಡಿರೇಲರ್ ಒಂದನ್ನೇ ನೋಡಿ ಮೋಸ ಹೋಗಬಾರದು. ಹೊಸದಾಗಿ ಮಾರುವಾಗಲೇ ಕಣ್ಣಿಗೆ ಬೀಳುವ ಆ ಒಂದು ಭಾಗವನ್ನು ಮೇಲ್ದರ್ಜೆಯದು ಹಾಕಿ, ಕ್ರ್ಯಾಂಕು, ಹಬ್ಬು, ಕ್ಯಾಸೆಟ್, ಗೇರ್ ಬದಲಿಸುವ ಶಿಫ್ಟರನ್ನು ಕೆಳದರ್ಜೆಯದು ಹಾಕುವುದು ಹಳೆಯ ವ್ಯಾಪಾರ. ನಾವು ಶಿಫ್ಟರ್, ಕ್ರ್ಯಾಂಕ್, ಹಬ್ ಮೂರನ್ನೂ ನೋಡಿ, ಅವುಗಳಲ್ಲಿ ಕಡಿಮೆಯದರ ಲೆಕ್ಕದಲ್ಲಿ ಸೈಕಲನ್ನು ಇಡುತ್ತೇವೆ. ಮಾಲೀಕರೇ ಹಾಕಿಸಿದ ದುಬಾರಿ ಹ್ಯಾಂಡಲ್, ಸೀಟ್, ಬಣ್ಣದ ಬೋಲ್ಟುಗಳಿಗೆ ಖರ್ಚಾದ ದುಡ್ಡು ಹಿಂದಿರುಗುವುದಿಲ್ಲ. ಮೂಲ ಭಾಗಗಳು ಮನೆಯಲ್ಲಿದ್ದರೆ ಅವನ್ನೇ ಮತ್ತೆ ಹಾಕಿ, ದುಬಾರಿ ಭಾಗಗಳನ್ನು ಬೇರೆಯಾಗಿ ಮಾರುವುದು ಲೇಸು. ಗಾಲಿಗಳಿಗೆ ಮಾತ್ರ ಒಂದಿಷ್ಟು ವಿನಾಯಿತಿ. ಒಳ್ಳೆ ಗಾಲಿ ಸೈಕಲ್‌ನ ಬೆಲೆಯನ್ನು ನಿಜವಾಗಿಯೂ ಎತ್ತುತ್ತದೆ.

ಹಳೆ ಉಕ್ಕಿನ ಸೈಕಲ್‌ಗಳಿಗೆ ಈ ಲೆಕ್ಕವೆಲ್ಲ ತಲೆಕೆಳಗು. ರೆನಾಲ್ಡ್ಸ್ 531 ಎಂಬ ಹೆಸರಾಂತ ಉಕ್ಕಿನ ಕೊಳವೆಯ, ಮೂಲ ಬಣ್ಣ, ಮೂಲ ಅಂಟುಚೀಟಿ, ಮೂಲ ಭಾಗ ಉಳಿದಿರುವ ಫ್ರೇಮಿಗೆ ಸಂಗ್ರಹಕಾರರು ಬೆಲೆ ಕೊಡುತ್ತಾರೆ. ಚೆಂದ ಕಾಣಲೆಂದು ಮರುಬಣ್ಣ ಬಳಿಸಿದರೆ ಆ ಬೆಲೆ ಇಳಿಯುತ್ತದೆ. ಬಳಿಸುವ ಮುನ್ನ ಕೇಳಿದವರಿಗೆಲ್ಲ ಬೇಡ ಎಂದೇ ಹೇಳುತ್ತೇವೆ.

ಇನ್ನು ಪೇಟೆಯ ಬೆಲೆ. ಜಾಹೀರಾತಿನಲ್ಲಿ ಕೇಳುತ್ತಿರುವ ಬೆಲೆ ಮಾರುವವರ ಆಸೆ. ಮಾರಾಟವಾಗಿ ಹೋದ ಬೆಲೆಯೇ ಬೇಕು. ಅದು ಸಿಗದ ಕಡೆ ಒಂದು ಉಪಾಯವಿದೆ: ಅದೇ ಮಾದರಿಯ, ಅದೇ ತಲೆಮಾರಿನ ಜಾಹೀರಾತುಗಳನ್ನು ಬರೆದಿಟ್ಟುಕೊಂಡು ಎರಡು ವಾರ ಬಿಟ್ಟು ಮತ್ತೆ ನೋಡುವುದು. ಬೇಗ ಮಾಯವಾದವು ಸರಿಯಾದ ಬೆಲೆಯವು, ಅಲ್ಲೇ ಕೂತಿರುವವು ದುಬಾರಿ. ಹೊಸ ಸೈಕಲ್‌ನ ಇಂದಿನ ರಿಯಾಯಿತಿ ಬೆಲೆಯನ್ನೂ ನೋಡಬೇಕು, ಹಳೆಯದರ ಬೆಲೆಗೆ ಅದೇ ಚಾವಣಿ. 2020-21ರಲ್ಲಿ ಹೊಸ ಸೈಕಲ್ ಸಿಗದೆ ಹಳೆಯವುಗಳ ಬೆಲೆ ಏರಿತ್ತು. 2022ರ ಕೊನೆಯಿಂದ ಗೋದಾಮುಗಳು ತುಂಬಿ ಹೊಸದನ್ನೇ ಭಾರೀ ಕಡಿತಕ್ಕೆ ಮಾರಿದಾಗ ಹಳೆಯವು ಒಟ್ಟಿಗೇ ಇಳಿದವು. ಏರಿದ ಕಾಲದಲ್ಲಿ ಕೊಂಡವರಿಗೆ ಈಗಿನ ಬೆಲೆ ಕೇಳಿ ನೋವಾಗುವುದು ಸಹಜ, ಆದರೆ ನಾವು ಆ ಕಾಲದ ಬಿಲ್ ನೋಡಿ ಬೆಲೆ ಕಟ್ಟಲಾಗದು. ಫ್ರೇಮಿನ ಅಳತೆಯೂ ಲೆಕ್ಕಕ್ಕುಂಟು. ನಡುವಿನ ಅಳತೆಗಳಿಗೆ ಗಿರಾಕಿ ಹೆಚ್ಚು. ತೀರಾ ಚಿಕ್ಕದು, ತೀರಾ ದೊಡ್ಡದು ಸರಿಯಾದ ಒಬ್ಬರಿಗಾಗಿ ತಿಂಗಳುಗಟ್ಟಲೆ ಕಾಯುತ್ತವೆ. ಇನ್ನೊಂದು ಮಾತು: ಫ್ರೇಮಿಗೆ ಆಜೀವ ವಾರಂಟಿ ಎಂದು ಬರೆದಿದ್ದರೂ ಅನೇಕ ಕಂಪನಿಗಳಲ್ಲಿ ಅದು ಮೊದಲು ಕೊಂಡವರಿಗಷ್ಟೇ. ಎರಡನೇ ಮಾಲೀಕರಿಗೆ ಸಿಗದ ವಾರಂಟಿಗೆ ಬೆಲೆ ಕೂಡಿಸುವಂತಿಲ್ಲ.

ಈಗ ನಮ್ಮ ಸೈಕಲ್‌ನ ಲೆಕ್ಕ ಕೂಡಿಸೋಣ. ಹೊಸದರಲ್ಲಿ ಅದರ ಬೆಲೆ 100 ಎಂದಿಟ್ಟುಕೊಳ್ಳಿ. ಇವು ಲೆಕ್ಕ ತೋರಿಸಲು ಹಾಕಿದ ಸಂಖ್ಯೆಗಳು, ಪೇಟೆಯ ದರವಲ್ಲ. ಇದೇ ತಲೆಮಾರಿನ ಸುಸ್ಥಿತಿಯ ಸೈಕಲ್ 45ಕ್ಕೆ ಹೋಗುತ್ತಿದೆ. ಇದಕ್ಕೆ ಬೇಕಾದದ್ದು: ಚೈನ್ 2, ಕ್ಯಾಸೆಟ್ 4, ಟೈರ್ ಜೋಡಿ 5, ಬ್ರೇಕ್ ಪ್ಯಾಡ್ 1, ಕೇಬಲ್ ಮತ್ತು ಟೇಪ್ 3, ಕೂಲಿ 4. ಒಟ್ಟು 19. ಇಡೀ 19ನ್ನು 45ರಿಂದ ಕಳೆದರೆ ಮಾರುವವರಿಗೆ ಅನ್ಯಾಯ. ಏಕೆಂದರೆ 45ಕ್ಕೆ ಹೋದ ಆ ಇನ್ನೊಂದು ಸೈಕಲ್‌ನ ಚೈನು, ಟೈರು ಕೂಡ ಹೊಸದಾಗಿರಲಿಲ್ಲ, ಸುಮಾರು ಅರ್ಧ ಸವೆದಿದ್ದವು. ಹೀಗಾಗಿ ಸವೆಯುವ ಭಾಗಗಳ 15ರಲ್ಲಿ ಅರ್ಧ, ಏಳೂವರೆ ಕಳೆಯುತ್ತೇವೆ. ಕೂಲಿ ಪೂರ್ತಿ ಕಳೆಯುತ್ತೇವೆ, ಆ ಸೈಕಲ್‌ಗೆ ಆ ಖರ್ಚು ಇರಲಿಲ್ಲವಲ್ಲ. 45ರಲ್ಲಿ ಹನ್ನೊಂದೂವರೆ ಹೋದರೆ ಮೂವತ್ಮೂರೂವರೆ. ಒಬ್ಬರು ಇನ್ನೊಬ್ಬರಿಗೆ ನೇರ ಮಾರುವಾಗ ಇದೇ ಸುತ್ತಮುತ್ತ ನಿಲ್ಲಬೇಕು.

ಅಂಗಡಿಯವರು ಇಷ್ಟು ಕೊಡುವುದಿಲ್ಲ, ಅದರಲ್ಲಿ ಮೋಸ ಹುಡುಕಬೇಕಿಲ್ಲ. ಅವರು 19ನ್ನೂ ಕೈಯಿಂದ ಹಾಕಿ, ಎಲ್ಲ ಹೊಸದು ಮಾಡಿ 50ಕ್ಕೆ ಮಾರುತ್ತಾರೆ. ಜಾಗದ ಬಾಡಿಗೆ, ಮಾರಾಟವಾಗುವವರೆಗೆ ಸಿಕ್ಕಿಕೊಂಡ ದುಡ್ಡು, ಮಾರಿದ ಮೇಲೆ ಬಂದ ದೂರಿನ ಜವಾಬ್ದಾರಿ, ಲಾಭ ಎಲ್ಲ ಸೇರಿ 12 ಇಟ್ಟುಕೊಂಡರೂ ಕೊಳ್ಳಲು ಉಳಿಯುವುದು 19. ಅಂಗಡಿಗೆ ಕೊಟ್ಟರೆ 19, ನೇರ ಮಾರಿದರೆ ಮೂವತ್ಮೂರೂವರೆ. ನಡುವಿನ ಹದಿನಾಲ್ಕೂವರೆ, ಅಪರಿಚಿತರಿಗೆ ಸೈಕಲ್ ತೋರಿಸುವ, ಚೌಕಾಸಿ ಮಾಡುವ, ಕಾಯುವ ಶ್ರಮದ ಬೆಲೆ. ಅಗ್ಗದ ಸೈಕಲ್‌ಗೆ ಇದೇ ಲೆಕ್ಕ ಹಾಕಿದರೆ ಉತ್ತರ ಸೊನ್ನೆಗಿಂತ ಕೆಳಗಿಳಿಯುತ್ತದೆ. ಚೈನಿನ ಬೆಲೆ, ಕೂಲಿ ಅಗ್ಗದ ಸೈಕಲ್‌ಗೂ ಹೆಚ್ಚು ಕಡಿಮೆ ಅಷ್ಟೇ ಆಗುತ್ತದಲ್ಲ. ಅದಕ್ಕೇ ಅನೇಕ ಅಂಗಡಿಗಳು ಅಂಥವನ್ನು ಮುಟ್ಟುವುದೇ ಇಲ್ಲ.

ಮಾರುವ ಮುನ್ನ ಏನು ರಿಪೇರಿ ಮಾಡಿಸಬೇಕು ಎಂಬುದಕ್ಕೂ ಇದೇ ಲೆಕ್ಕ ಉತ್ತರ ಕೊಡುತ್ತದೆ. ತೊಳೆದು, ಬೆಂಡು ತೆಗೆದು, ಗೇರು-ಬ್ರೇಕು ಸರಿ ಮಾಡಿ, ಟೈರಿಗೆ ಗಾಳಿ ಹಾಕಿಡುವುದಕ್ಕೆ ಮಾಡಿದ ಖರ್ಚು ಹೆಚ್ಚಾಗಿ ವಾಪಸು ಬರುತ್ತದೆ, ಏಕೆಂದರೆ ಹತ್ತಿ ನೋಡಿದಾಗ ಸದ್ದು ಮಾಡುವ ಸೈಕಲ್‌ನಲ್ಲಿ ಕೊಳ್ಳುವವರು ಇಲ್ಲದ ದೋಷವನ್ನೂ ಊಹಿಸಿಕೊಂಡು ಬೆಲೆ ಇಳಿಸುತ್ತಾರೆ. ಹೊಸ ಕ್ಯಾಸೆಟ್, ಹೊಸ ಟೈರಿನ ಖರ್ಚು ಪೂರ್ತಿ ಬರುವುದಿಲ್ಲ. ಅವನ್ನು ಹಾಗೇ ಬಿಟ್ಟು, ಚೈನಿನ ಅಳತೆಯನ್ನು ಫೋಟೋ ಸಮೇತ ಹೇಳಿ, ಅಷ್ಟು ಬೆಲೆ ಬಿಟ್ಟುಕೊಡುವುದು ಒಳ್ಳೆಯದು.

ವ್ಯವಹಾರ ಮುಗಿದ ಮೇಲೆ ಒಂದು ಹಾಳೆ ಬರೆಯಬೇಕು. ಅದರಲ್ಲಿ ಫ್ರೇಮ್ ನಂಬರ್, ದಿನಾಂಕ, ಕೊಟ್ಟ ಮೊತ್ತ, ತಿಳಿದಿರುವ ದೋಷಗಳ ಪಟ್ಟಿ, ಎರಡೂ ಕಡೆಯ ಸಹಿ ಇರಲಿ. ಮೂಲ ಬಿಲ್ಲನ್ನೂ ಅದರ ಜೊತೆ ಪಿನ್ ಮಾಡಿ ಕೊಂಡವರಿಗೇ ಕೊಟ್ಟುಬಿಡಿ. ಮುಂದೆ ಅವರು ಮಾರಲು ಹೊರಟಾಗ ಬೆಂಚಿನ ಮೇಲೆ ಮೊದಲು ಕೇಳುವುದು ಅದನ್ನೇ.